ಸಂತ ಶಿಶುನಾಳ ಶರೀಫರು: ಬದುಕು ಮತ್ತು ಹಾಡು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಮ್ಮ ಭಕ್ತರ ಮನೆಗಳಲ್ಲಿ ಭಜನೆ ನಡೆಯುವಾಗ ಹಾಡುಗಳ ಕ್ರಮವೊಂದು ರೂಢಿಯಲ್ಲಿದೆ. ಮೊದಲು ಬಸವಾದಿ ಶರಣರ ವಚನಗಳು. ಆಮೇಲೆ ನಿಜಗುಣ ಶಿವಯೋಗಿಗಳು, ಮುಪ್ಪಿನ ಷಡಕ್ಷರಿಗಳು, ಸರ್ಪಭೂಷಣ ಶಿವಯೋಗಿಗಳು. ರಾತ್ರಿ ಸರಿದು ತಾಳಕ್ಕೆ ಬಿಸಿ ಏರಿದ ಮೇಲೆ ಶಿಶುನಾಳ ಶರೀಫರು. ಮೊದಲಿನವರು ನಮ್ಮ ಸೀಮೆಗೆ ಹತ್ತಿರದವರು. ನಿಜಗುಣರು ತಪಸ್ಸು ಮಾಡಿದರೆನ್ನುವ ಶಂಭುಲಿಂಗನ ಬೆಟ್ಟ ಕೊಳ್ಳೇಗಾಲ ಸೀಮೆಯಲ್ಲಿಯೇ ಇದೆ. ಶರೀಫರಾದರೋ ಬಹುದೂರದ ಧಾರವಾಡ ಸೀಮೆಯವರು. ಆದರೂ ಇಂದು ಯಾವ ಹಾಡಿಗೆ ಮಕ್ಕಳೂ ದನಿಗೂಡಿಸುತ್ತಾರೆಂದು ಗಮನಿಸಿದರೆ ಅದು ಶರೀಫರದೇ ಆಗಿರುತ್ತದೆ. ಹಾಡು ಇಷ್ಟು ಚಿರಪರಿಚಿತವಾಗಿದ್ದೂ ಹಾಡಿದವರ ಬದುಕು ನಮ್ಮ ಕಡೆ ಅಷ್ಟಾಗಿ ತಿಳಿದಿಲ್ಲ. ಚಲನಚಿತ್ರದಲ್ಲಿ ಕಂಡಷ್ಟನ್ನೇ ಚರಿತ್ರೆಯೆಂದು ಭಾವಿಸಿದವರೂ ಇದ್ದಾರೆ. ಜುಲೈ 3 ಅವರ ಜನ್ಮದಿನ, ಅವರು ದೇಹ ಬಿಟ್ಟ ದಿನವೂ ಅದೇ. ಆ ನಿಮಿತ್ತ ಅವರ ಚರಿತ್ರೆಯನ್ನು ನಮ್ಮ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಶರೀಫರು 1819ರಲ್ಲಿ ಶಿಶುವಿನಹಾಳದಲ್ಲಿ ಹುಟ್ಟಿದರು. ಜನರ ಬಾಯಲ್ಲಿ ಅದು ಶಿಶುನಾಳ. ಊರು ಈಗ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿಗೆ ಸೇರಿದೆ. ಆಗ ಧಾರವಾಡ ಸೀಮೆ. ಅದರ ಹಿಂದಿನ ವರ್ಷವಷ್ಟೇ, 1818ರಲ್ಲಿ, ಪೇಶ್ವೆಯರ ಆಳ್ವಿಕೆ ಮುಗಿದು ಆ ನೆಲ ಕಂಪನಿ ಸರ್ಕಾರದ ಕೈಸೇರಿತ್ತು. ಅವರಿಗೆ ಐದು ವರ್ಷವಾದಾಗ ಕಿತ್ತೂರಿನ ಯುದ್ಧ ನಡೆಯಿತು. ನಡುವಯಸ್ಸಿನಲ್ಲಿ, 1858ರಲ್ಲಿ, ನರಗುಂದದ ಬಂಡಾಯವಾಯಿತು. ಇಳಿವಯಸ್ಸಿಗೆ 1876ರಿಂದ 78ರವರೆಗಿನ ಘೋರ ಬರ ಬಂದಿತು. ಇಂತಹ ಕಾಲದಲ್ಲಿ ಬಡ ರೈತಾಪಿ ಹಳ್ಳಿಯೊಂದರ ಮುಸಲ್ಮಾನ ಮನೆತನದಲ್ಲಿ ಅವರು ಬೆಳೆದರು.

ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಬಹುಕಾಲ ಮಕ್ಕಳಿಲ್ಲದ ದಂಪತಿಗಳು ಹುಲಗೂರಿನ ಖಾದರಶಾವಲಿಯವರ ದರ್ಗಾಕ್ಕೆ ಹರಕೆ ಹೊತ್ತು ಈ ಮಗನನ್ನು ಪಡೆದರೆಂದು ಪ್ರತೀತಿ. ಇಮಾಮ ಸಾಹೇಬರ ಗುರುಗಳು ಹಜರೇಶಾ ಖಾದರಿ ಎಂಬ ಸೂಫಿಗಳು. ಈ ಗುರುಗಳು ತಮ್ಮ ಶಿಷ್ಯರಿಗೆ ನಮ್ಮ ಪದ್ಧತಿಯಂತೆ ಲಿಂಗದೀಕ್ಷೆ ಕೊಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಇಮಾಮ ಸಾಹೇಬರು ಮಗನಿಗೆ ರಾಮಾಯಣ ಮಹಾಭಾರತಗಳ ಕಥೆಯನ್ನೂ ಅಲ್ಲಮಪ್ರಭುಗಳ ನುಡಿಯನ್ನೂ ಹೇಳಿಕೊಟ್ಟರು. ನಮ್ಮಲ್ಲಿ ಕೆಲವರು ಶರೀಫರು ದೊಡ್ಡವರಾದ ಮೇಲೆ ಧರ್ಮಧರ್ಮಗಳ ನಡುವಿನ ಗೋಡೆ ಒಡೆದರೆಂದು ಭಾಷಣ ಮಾಡುವುದುಂಟು. ನಮಗೆ ತೋರುವುದು ಬೇರೆ. ಅವರು ಹುಟ್ಟಿದ ಮನೆಗೆ ಆ ಗೋಡೆಯೇ ಇರಲಿಲ್ಲ. ಹೊರಗಿನ ಜನ ಅದನ್ನು ಕಟ್ಟಲು ಬಂದಾಗ ಅವರಿಗೆ ಆಶ್ಚರ್ಯವಾಗಿರಬೇಕು.

ಆ ಕಾಲದ ಹಳ್ಳಿಗಾಡಿನ ಹುಡುಗನಿಗೆ ಅಪರೂಪವಾದ ವಿದ್ಯೆ ಅವರಿಗೆ ದೊರೆಯಿತು. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕೆಲಕಾಲ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಮುಲ್ಕಿ ಪಾಸಾದವನಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದಿರುತ್ತಿದ್ದ ಕಾಲವದು. ಅವರು ಅದನ್ನು ಬಿಟ್ಟರು. ಊರಿನ ಬಯಲಾಟ, ಕೋಲಾಟ, ಮೊಹರಮ್ಮಿನ ಹೆಜ್ಜೆಮೇಳ ಎಲ್ಲೆಲ್ಲಿ ನಡೆದರೂ ಈ ಮಾಸ್ತರರು ಅಲ್ಲಿರುತ್ತಿದ್ದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅವರ ಹಾಡುಗಳ ಲಯವನ್ನು ಕೇಳಿದವರಿಗೆ ಈ ಮಾತನ್ನು ನಂಬಲು ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಪುಸ್ತಕದಿಂದಷ್ಟೇ ಛಂದಸ್ಸು ಕಲಿತವನಿಗೆ ಹೆಜ್ಜೆಯ ಆ ಏಟು ಕೈಗೆ ಬರುವುದಿಲ್ಲ.

ಅವರ ಬದುಕು ತಿರುಗಿದ್ದು ಕಳಸದ ಗೋವಿಂದ ಭಟ್ಟರಿಂದ. ಕಳಸವೆಂದರೆ ನಮ್ಮ ಕಡೆಯವರು ಮಲೆನಾಡಿನ ಕಳಸವೆಂದು ತಿಳಿಯಬಾರದು. ಇದು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಊರು. ಗೋವಿಂದ ಭಟ್ಟರು ಬ್ರಾಹ್ಮಣರು, ಆದರೆ ಮಡಿಮೈಲಿಗೆಯ ಕಟ್ಟಿಗೆ ಒಳಗಾಗದ ಅವಧೂತರು. ಯಾರ ಮನೆಯಲ್ಲಾದರೂ ಉಣ್ಣುವರು, ಎಲ್ಲಾದರೂ ಮಲಗುವರು. ಸ್ವಜಾತಿಯವರು ಅವರನ್ನು ದೂರವಿಟ್ಟಿದ್ದರು. ಶಿಷ್ಯನಾಗಲು ಬಂದ ಶರೀಫರನ್ನು ಕಂಡು ಅವರು ನಿನ್ನಪ್ಪ ಯಾರು ಎಂದು ಒರಟಾಗಿಯೇ ಕೇಳಿದರಂತೆ. ನಿಮಗೆ ಯಾರು ಅಪ್ಪನೋ ನನಗೂ ಅವನೇ ಎಂಬರ್ಥದ ಉತ್ತರ ಬಂದಿತಂತೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಕಥೆ ಬಾಯಿಂದ ಬಾಯಿಗೆ ಬಂದದ್ದು, ಆಡಿದ ಮಾತು ಹೀಗೆಯೇ ಇತ್ತೆಂದು ನಾವು ಹೇಳಲಾರೆವು. ಆದರೆ ಮುಂದೆ ಗುರುವಿಲ್ಲದ ಶರೀಫರನ್ನಾಗಲಿ ಶರೀಫರಿಲ್ಲದ ಗುರುವನ್ನಾಗಲಿ ಯಾರೂ ನೆನೆಯಲಿಲ್ಲವೆಂಬುದು ನಿಜ.

ಈ ಸಂಬಂಧವನ್ನು ಎರಡೂ ಕಡೆಯವರು ಸಹಿಸಲಿಲ್ಲ. ಮುಸಲ್ಮಾನನನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳುವ ಭಟ್ಟರು ಬ್ರಾಹ್ಮಣರಿಗೆ ಬೇಡವಾದರು. ಭಟ್ಟರ ಕಾಲಿಗೆ ಬೀಳುವ ಶರೀಫರು ತಮ್ಮವರ ನಿಷ್ಠುರ ಕಟ್ಟಿಕೊಂಡರು. ಗುರುಗಳು ಒಮ್ಮೆ ತಮ್ಮ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿದರೆಂದೂ ಆ ಸಂದರ್ಭದ ಮೇಲೆ ಶರೀಫರು ಪದ ಕಟ್ಟಿದರೆಂದೂ ಹೇಳುತ್ತಾರೆ. ಇಷ್ಟಾದರೂ ಶರೀಫರು ತಮ್ಮ ಹೆಸರು ಬದಲಿಸಲಿಲ್ಲ. ಹುಲಗೂರಿಗೆ ನಡೆದುಕೊಳ್ಳುವುದನ್ನೂ ಬಿಡಲಿಲ್ಲ. ತಮ್ಮ ಪದಗಳಿಗೆ ಅಂಕಿತವಾಗಿ ಅವರು ಆರಿಸಿಕೊಂಡದ್ದು ಊರ ದೇವರಾದ ಶಿಶುನಾಳಧೀಶನನ್ನು, ಅಂದರೆ ಅಲ್ಲಿಯ ಬಸವಣ್ಣನನ್ನು. ಹೀಗೆ ಸೂಫಿ ಮನೆತನ, ಬ್ರಾಹ್ಮಣ ಗುರು, ಬಸವಣ್ಣನ ಅಂಕಿತ ಮೂರೂ ಒಂದೇ ಕೊರಳಲ್ಲಿ ಕೂಡಿದವು.

ಸಂಸಾರದ ಸುಖ ಅವರಿಗೆ ಹೆಚ್ಚು ಕಾಲ ಇರಲಿಲ್ಲ. ಕುಂದಗೋಳದ ಫಾತಿಮಾ ಎಂಬವರೊಡನೆ ವಿವಾಹವಾಯಿತು. ಹೆಣ್ಣುಮಗುವೊಂದು ಹುಟ್ಟಿ ತೀರಿಕೊಂಡಿತು. ಪತ್ನಿಯೂ ಅಕಾಲದಲ್ಲಿ ತೀರಿಕೊಂಡರು. ಆ ನಂತರ ಹಾಡಿದ್ದೆನ್ನುವ ಪದದಲ್ಲಿ ಮಡದಿ ಹೋದ ಮೇಲೆ ಮಾವನ ಮನೆಯ ಹಂಗೇಕೆಂಬ ಭಾವವಿದೆ. ಅದನ್ನು ವೈರಾಗ್ಯವೆಂದು ವ್ಯಾಖ್ಯಾನಿಸುವುದು ವಾಡಿಕೆ. ನಮಗೆ ಅದರಲ್ಲಿ ವೈರಾಗ್ಯದಷ್ಟೇ ದುಃಖವೂ ಕೇಳಿಸುತ್ತದೆ. ಭಜನೆಯಲ್ಲಿ ಅದನ್ನು ಚಪ್ಪಾಳೆಯ ಓಟದಲ್ಲಿ ಹಾಡುವುದು ನಮಗೆ ಒಪ್ಪುವುದಿಲ್ಲ.

ಇನ್ನು ಹಾಡುಗಳ ವಿಚಾರ. ಅವರು ಕುಳಿತು ಕಾವ್ಯ ಬರೆದವರಲ್ಲ. ದಾರಿಯಲ್ಲಿ, ಜಾತ್ರೆಯಲ್ಲಿ, ಯಾರದೋ ಮನೆಯ ಜಗುಲಿಯಲ್ಲಿ ಕಣ್ಣಿಗೆ ಬಿದ್ದುದರ ಮೇಲೆ ಆ ಕ್ಷಣವೇ ಪದ ಕಟ್ಟಿ ಹಾಡುತ್ತಿದ್ದರು. ಹತ್ತಿರವಿದ್ದವರು ಕಲಿತುಕೊಳ್ಳುತ್ತಿದ್ದರು, ಬಲ್ಲವರು ಬರೆದುಕೊಳ್ಳುತ್ತಿದ್ದರು. ಪದ ಬರೆದುಕೊಳ್ಳೆಂದು ಹೇಳುವ ಪದವೇ ಒಂದಿದೆ. ಬೀಸುವ ಕಲ್ಲು, ಜಾರಿಬಿದ್ದ ಮುದುಕಿ, ನುಡಿಸಬಾರದವನ ಕೈಗೆ ಸಿಕ್ಕ ತಂಬೂರಿ ಎಲ್ಲವೂ ಅವರಿಗೆ ವಸ್ತುವಾದವು. ತತ್ತ್ವಪದಕಾರರು ನಮ್ಮಲ್ಲಿ ಅನೇಕರು. ಶರೀಫರ ವಿಶೇಷವೆಂದರೆ ಒಂದು ಜಾತಿಯ ಹಾಡಿನಲ್ಲಿ ಅವರು ನಿಲ್ಲಲಿಲ್ಲ. ಪಲ್ಲವಿ, ನುಡಿ, ಕೊನೆಗೆ ಅಂಕಿತವೆಂಬ ಕೈವಲ್ಯ ಪರಂಪರೆಯ ಕಟ್ಟು ಅವರಲ್ಲಿದೆ, ಲಾವಣಿಯ ಓಟವಿದೆ, ಬಯಲಾಟದ ಸಂವಾದವಿದೆ, ಹೆಂಗಸರ ಬೀಸುವ ಪದದ ಮಟ್ಟಿದೆ, ದೇವಿಯ ಸ್ತುತಿಯಿದೆ, ಕನ್ನಡದ ನಡುವೆ ಉರ್ದು ಬೆರೆಸಿದ ಪದಗಳಿವೆ, ಕರ್ಬಲಾದ ಶೋಕವನ್ನು ಹಾಡುವ ರಿವಾಯತ್ ಪದಗಳೂ ಇವೆ.

ಕೊನೆಯದರ ಬಗ್ಗೆ ಒಂದು ಮಾತು. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದುದರ ನೆನಪೇ ಮೊಹರಮ್. ನಮ್ಮ ಕಡೆ ಹಿರಿಯರು ಅದನ್ನು ಬಾಬಯ್ಯನ ಹಬ್ಬವೆನ್ನುತ್ತಾರೆ, ಕೊಂಡದ ಮುಂದೆ ಲಿಂಗಾಯತರೂ ಒಕ್ಕಲಿಗರೂ ಕೈಮುಗಿದು ನಿಂತ ಕಾಲವನ್ನು ಅವರು ಕಂಡಿದ್ದಾರೆ. ಧಾರವಾಡ ಸೀಮೆಯಲ್ಲಿ ಆ ಹಬ್ಬಕ್ಕೆ ಕನ್ನಡದಲ್ಲಿಯೇ ಹಾಡುವ ಮೇಳಗಳಿದ್ದವು. ಅರಬ್ಬೀ ನೆಲದ ಯುದ್ಧದ ಕಥೆ ಅಲ್ಲಿಯ ರೈತನ ಮಾತಿನಲ್ಲಿ, ಅವನ ಹೆಜ್ಜೆಯ ತಾಳಕ್ಕೆ ಹೊಂದಿಕೊಂಡು ಬರಬೇಕಾಗಿತ್ತು. ಶರೀಫರ ರಿವಾಯತ್ ಪದಗಳು ಆ ಅಗತ್ಯದಿಂದ ಹುಟ್ಟಿದವು. ನಮ್ಮ ಭಜನಾ ಪುಸ್ತಕಗಳಲ್ಲಿ ಇವು ಸಾಮಾನ್ಯವಾಗಿ ಸೇರುವುದಿಲ್ಲ. ಆರಿಸಿ ತೆಗೆದ ಶರೀಫರೇ ನಮಗೆ ಗೊತ್ತಿರುವ ಶರೀಫರು.

ಕೋಳಿಯು ಕೋಡಗವನ್ನು ನುಂಗುವ ಪ್ರಸಿದ್ಧ ಪದವನ್ನು ಶಾಲೆಯ ಮಕ್ಕಳು ನಗುತ್ತಾ ಹಾಡುತ್ತಾರೆ. ಸಣ್ಣದು ದೊಡ್ಡದನ್ನು, ಆಧಾರವು ಆಧೇಯವನ್ನು ನುಂಗುತ್ತ ಹೋಗಿ ಕಡೆಗೆ ಗುರುವಿನ ಪಾದವು ಹಾಡುವವನನ್ನೇ ನುಂಗುವುದು ಅದರ ಕ್ರಮ. ಇದು ಅಲ್ಲಮಪ್ರಭುಗಳ ಬೆಡಗಿನ ವಚನದ ಜಾತಿ. ಬೆಡಗೆಂದರೆ ನಮ್ಮ ಪಂಡಿತರು ಟೀಕೆಯಿಲ್ಲದೆ ಮುಟ್ಟಲು ಅಂಜುವ ವಸ್ತು. ತಂದೆಯ ಬಾಯಲ್ಲಿ ಅಲ್ಲಮರನ್ನು ಕೇಳಿ ಬೆಳೆದ ಈ ಕವಿ ಅದನ್ನು ಮಗುವಿನ ಬಾಯಿಗೆ ಹತ್ತುವಂತೆ ಮಾಡಿದರು. ಮಗುವಿಗೆ ಅರ್ಥವಾಗದಿದ್ದರೆ ನಷ್ಟವಿಲ್ಲ, ಹಾಡು ನೆನಪಿನಲ್ಲಿ ಉಳಿದರೆ ಅರ್ಥ ತನ್ನ ಕಾಲಕ್ಕೆ ಬರುತ್ತದೆ.

ಸೋರುವ ಮಾಳಿಗೆಯ ಪದವನ್ನು ನಮ್ಮ ತಾಲ್ಲೂಕುಗಳಲ್ಲಿ ಹಾಡದ ಮಂಡಳಿಯಿಲ್ಲ. ಆದರೆ ನಮ್ಮವರು ಕಲ್ಪಿಸಿಕೊಳ್ಳುವುದು ಹೆಂಚಿನ ಮನೆಯನ್ನು. ಹೆಂಚಿನ ಮನೆ ಸೋರಿದರೆ ಒಳಗಿನಿಂದಲೇ ಕೋಲಿನಲ್ಲಿ ಹೆಂಚು ಸರಿಸಿ ಪಾತ್ರೆ ಇಟ್ಟು ಮಲಗಬಹುದು. ಧಾರವಾಡ ಸೀಮೆಯ ಮಾಳಿಗೆ ಹಾಗಲ್ಲ. ಅದು ತೊಲೆಜಂತೆಗಳ ಮೇಲೆ ಮಣ್ಣು ಹೊದಿಸಿದ ಚಪ್ಪಟೆ ಮೇಲ್ಛಾವಣಿ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಬಂದೋಬಸ್ತು ಮಾಡಬೇಕು. ಅಲಕ್ಷ್ಯ ಮಾಡಿದರೆ ಸುರಿಯುವ ಮಳೆಯಲ್ಲಿ, ಕತ್ತಲೆಯಲ್ಲಿ, ಯಾರಾದರೂ ಮೇಲೆ ಹತ್ತಲೇಬೇಕು. ಜಂತೆ ಮುಟ್ಟಾದರೆ ಹತ್ತಿದವನ ಸಮೇತ ಮನೆ ಕುಸಿಯುತ್ತದೆ. ಈ ಭಯ ತಿಳಿದವರಿಗೆ ದೇಹವನ್ನು ಮಾಳಿಗೆಯೆಂದು ಹಾಡಿದುದರ ತೂಕ ತಿಳಿಯುತ್ತದೆ. ಮತ್ತೊಂದು ಸಂಗತಿ: ನಮ್ಮ ಗಾಯಕರು ಆ ಕಡೆಯ ಮಾತಿನ ಇಕಾರಾಂತಗಳನ್ನು ತಿದ್ದಿ ಗ್ರಂಥಸ್ಥ ಕನ್ನಡಕ್ಕೆ ತರುತ್ತಾರೆ. ದಯಮಾಡಿ ತಿದ್ದಬಾರದು. ಪ್ರಾಸ ಕೆಡುತ್ತದೆ, ತಾಳದ ಎಳೆತವೂ ಕೆಡುತ್ತದೆ.

ತವರಿನಿಂದ ಹೊರಡುವ ತಂಗಿಗೆ ಅಳಬೇಡವೆನ್ನುವ ಪದವನ್ನು ಮದುವೆಯ ಮನೆಗಳಲ್ಲಿ ಹಾಡಿಸುವುದನ್ನು ಎಷ್ಟೋ ಸಲ ಕಂಡಿದ್ದೇವೆ. ಅದು ದೇಹ ಬಿಟ್ಟು ಹೊರಡುವ ಜೀವದ ಪದವೆಂದು ತಿಳಿದವರು ಮುಜುಗರಪಡುತ್ತಾರೆ. ನಾವು ಯಾರನ್ನೂ ತಡೆದಿಲ್ಲ. ಎರಡು ಅಗಲಿಕೆಗೂ ಸಲ್ಲುವಂತೆ ಅದನ್ನು ಕಟ್ಟಿದವರು ಶರೀಫರೇ.

ನವಲಗುಂದದ ನಾಗಲಿಂಗಯೋಗಿಗಳು, ಗರಗದ ಮಡಿವಾಳಪ್ಪನವರು, ಹುಬ್ಬಳ್ಳಿಯ ಸಿದ್ಧಾರೂಢರು ಶರೀಫರ ಸಮಕಾಲೀನರು. ಇವರೆಲ್ಲರ ಭೇಟಿಯ ಪ್ರಸಂಗಗಳು ಜನಜನಿತವಾಗಿವೆ. ಅವುಗಳಲ್ಲಿ ಪವಾಡದ ಅಂಶ ಹೆಚ್ಚಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಅವರ ಕಡೆಯ ದಿನದ ವಿಚಾರವನ್ನು ಮಾತ್ರ ಮಠದವರಾದ ನಾವು ವಿವರವಾಗಿ ಹೇಳಲೇಬೇಕು. ನಮ್ಮ ಸಂಪ್ರದಾಯದಲ್ಲಿ ಅಂತ್ಯಕಾಲ ಸಮೀಪಿಸಿದವರಿಗೆ ವಿಭೂತಿ ವೀಳ್ಯವೆಂಬ ವಿಧಿಯಿದೆ. ಜಂಗಮರನ್ನು ಬರಮಾಡಿಕೊಂಡು ವಿಭೂತಿ ವೀಳ್ಯಗಳಿಂದ ಸತ್ಕರಿಸಿ, ಅವರ ಪಾದವನ್ನು ಶಿರಸ್ಸಿನ ಮೇಲೆ ಇರಿಸಿಕೊಂಡು ದೇಹ ಬಿಡುವುದು. ಶರೀಫರು ತಮಗೆ ಈ ವಿಧಿ ಆಗಬೇಕೆಂದು ಬಯಸಿದರು. ಹಿರೇಮಠದ ಕರಿಬಸವಯ್ಯನವರನ್ನು ಕರೆಸಲಾಯಿತು. ಅವರು ಬಂದರು, ಆದರೆ ಪಾದ ಇಡಲು ಹಿಂಜರಿದರು. ಮಹಾತ್ಮರ ತಲೆಯ ಮೇಲೆ ತಮ್ಮ ಕಾಲನ್ನು ಹೇಗೆ ಇಡುವುದೆಂಬುದು ಅವರ ಸಂಕೋಚವೆಂದು ಹೇಳುತ್ತಾರೆ. ಆಗ ಶರೀಫರು ತಾವೇ ಆ ಪಾದವನ್ನು ಎತ್ತಿ ತಮ್ಮ ಶಿರಸ್ಸಿನ ಮೇಲೆ ಇರಿಸಿಕೊಂಡರೆಂದು ಪರಂಪರೆ. 1889ರ ಜುಲೈ 3ರಂದು, ಎಪ್ಪತ್ತು ವರ್ಷ ತುಂಬಿದ ದಿನವೇ, ಅವರು ಬಯಲಾದರು. ಅಂತ್ಯಕ್ರಿಯೆಯಲ್ಲಿ ಒಂದು ಕಡೆ ಕುರಾನಿನ ಪಠಣ, ಮತ್ತೊಂದು ಕಡೆ ಮಂತ್ರಘೋಷ ನಡೆದವೆಂದು ಹೇಳುತ್ತಾರೆ. ಶಿಶುನಾಳದ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ಭಜನೆಯ ನಡುವೆ ಇಬ್ಬರು ಸದ್ಭಕ್ತರಲ್ಲಿ ಈ ಪ್ರಸಂಗದ ಮೇಲೆಯೇ ವಾದ ಹತ್ತಿತು. ಮುಸಲ್ಮಾನರ ಪದವನ್ನು ಮಂಗಳಾರತಿಗೆ ಮುಂಚೆ ಹಾಡುವುದೇಕೆಂದು ಒಬ್ಬರು ಕೇಳಿದರು. ವಿಭೂತಿ ವೀಳ್ಯ ಪಡೆದ ಮೇಲೆ ಅವರು ಲಿಂಗಾಯತರೇ ಅಲ್ಲವೇ ಎಂದು ಇನ್ನೊಬ್ಬರು ಸಮರ್ಥಿಸಿದರು. ಸಮರ್ಥಿಸಿದವರ ಮಾತೇ ನಮ್ಮನ್ನು ಹೆಚ್ಚು ಕಾಡಿತು. ಶರೀಫರು ಜನಿವಾರ ಹಾಕಿಸಿಕೊಂಡರೆಂದು ಬ್ರಾಹ್ಮಣರಾಗಲಿಲ್ಲ. ಜಂಗಮಪಾದ ಹೊತ್ತರೆಂದು ನಮ್ಮ ಲೆಕ್ಕದ ಪುಸ್ತಕಕ್ಕೆ ಸೇರಲೂ ಇಲ್ಲ. ಅವರು ಬೇಡಿದ್ದು ವಿಧಿಯನ್ನು, ಜಾತಿಯನ್ನಲ್ಲ. ಅದನ್ನು ಕೊಡಲು ನಮ್ಮ ಕಡೆಯಿಂದ ಹೋದವರು ಕ್ಷಣಕಾಲ ತಡೆದು ನಿಂತರು. ಆ ತಡೆಯಲ್ಲಿ ಭಕ್ತಿಯೇ ಇತ್ತೆಂದು ನಂಬುತ್ತೇವೆ, ಆದರೆ ತಡೆದದ್ದು ನಾವೇ, ಎತ್ತಿಕೊಂಡದ್ದು ಅವರು. ಅಂದು ನಾವು ಇಷ್ಟನ್ನು ಹೇಳುವಷ್ಟರಲ್ಲಿ ಹೆಗ್ಗಡದೇವನಕೋಟೆ ಕಡೆಯ ವೃದ್ಧ ಗಾಯಕರೊಬ್ಬರು ವಾದವನ್ನು ಕಿವಿಗೆ ಹಾಕಿಕೊಳ್ಳದೆ ತಂಬೂರಿಯ ಪದವನ್ನು ಎತ್ತಿಕೊಂಡರು. ನುಡಿಸಲು ಬಾರದವನು ಕೆಳಗಿಡಲೆನ್ನುವ ಪದ ಅದು. ಯಾರಿಗೆ ಹೇಳಿದರೆಂದು ಇಬ್ಬರೂ ಕೇಳಲಿಲ್ಲ.

ಶರೀಫರು ಕಾಲವಾಗಿ ಬಹುಕಾಲದವರೆಗೆ ಅವರ ಪದಗಳು ತಮ್ಮ ಸೀಮೆಯ ಭಜನೆಗಳಲ್ಲಿಯೂ ಅಲ್ಲಿ ಮುದ್ರಣವಾದ ಸಂಗ್ರಹಗಳಲ್ಲಿಯೂ ಉಳಿದಿದ್ದವು. ನಮ್ಮ ಸೀಮೆಯ ಮನೆಮನೆಗೆ ಅವು ತಲುಪಿದ್ದು 1980ರ ದಶಕದ ಧ್ವನಿಸುರುಳಿಗಳಿಂದ. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಒತ್ತಾಸೆಯಿಂದ ಸಿ. ಅಶ್ವತ್ಥರು ಅವುಗಳಿಗೆ ರಾಗ ಹಾಕಿ ಹಾಡಿದರು. ಅಶ್ವತ್ಥರು ನಮ್ಮ ಕೃಷ್ಣರಾಜನಗರಕ್ಕೆ ಹೊಂದಿಕೊಂಡ ಹೊಳೆನರಸೀಪುರದವರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡಿದವರು. ಅವರೂ ಹುಟ್ಟಿದ ತಾರೀಖಿನಂದೇ ಹೋದರು: 1939ರ ಡಿಸೆಂಬರ್ 29, 2009ರ ಡಿಸೆಂಬರ್ 29. ಅವರಿಗೂ ಸರಿಯಾಗಿ ಎಪ್ಪತ್ತು. 1990ರಲ್ಲಿ ಟಿ. ಎಸ್. ನಾಗಾಭರಣರ ನಿರ್ದೇಶನದ ಚಲನಚಿತ್ರ ಬಂದಿತು; ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ದೊರೆಯಿತು. ಇಂದು ಹುಣಸೂರು, ಪಿರಿಯಾಪಟ್ಟಣಗಳಲ್ಲಿ ತಂಬಾಕು ಹದ ಮಾಡುವ ಬ್ಯಾರನ್‌ಗಳ ಮುಂದೆ ಇಡೀ ರಾತ್ರಿ ಉರಿ ಕಾಯುವವರ ಮೊಬೈಲಿನಲ್ಲಿ ಕೇಳಿಬರುವುದು ಅಶ್ವತ್ಥರ ಕಂಚಿನ ಕಂಠವೇ.

ಈ ಉಪಕಾರ ದೊಡ್ಡದು. ಅದರ ಜೊತೆಗೆ ಒಂದು ನಷ್ಟವೂ ಆಗಿದೆ. ಶರೀಫರು ಸ್ವರಲಿಪಿ ಬಿಟ್ಟು ಹೋಗಲಿಲ್ಲ. ಒಂದೊಂದು ಊರು ಒಂದೊಂದು ಮಟ್ಟಿನಲ್ಲಿ ಹಾಡುತ್ತಿತ್ತು. ಈಗ ಎಲ್ಲೆಡೆ ಒಂದೇ ಮಟ್ಟು, ಒಂದೇ ಏರಿಳಿತ. ಉಸಿರು ತೆಗೆದುಕೊಳ್ಳುವ ಜಾಗವೂ ಧ್ವನಿಸುರುಳಿಯದೇ. ಮೇಲೆ ಹೇಳಿದ ವೃದ್ಧ ಗಾಯಕರು ಮಾತ್ರ ಮಾಳಿಗೆಯ ಪದವನ್ನು ಬೇರೆ ರೀತಿ ಹಾಡುತ್ತಿದ್ದರು. ಅವರ ಎಳೆತನದಲ್ಲಿ ಉತ್ತರದಿಂದ ಸಂಚಾರಕ್ಕೆ ಬಂದ ಜಂಗಮರೊಬ್ಬರಿಂದ ಕಲಿತದ್ದಂತೆ. ತೀರ ನಿಧಾನ, ಪಲ್ಲವಿಯ ನಂತರ ಬಹಳ ಹೊತ್ತು ಮೌನ, ಮೇಲಿನಿಂದ ಹನಿ ಬೀಳುವುದನ್ನು ಕಾಯುತ್ತಿರುವಂತೆ. ನಮ್ಮ ಮಂಡಳಿಯ ಯುವಕರು ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದಾರೆ. ಈ ಸಲ ಜುಲೈ 3ರ ರಾತ್ರಿ ಮಠದಲ್ಲಿ ನಡೆಯುವ ಭಜನೆಗೆ ಇಬ್ಬರು ಆ ಮಟ್ಟನ್ನು ಅಭ್ಯಾಸ ಮಾಡುತ್ತಿದ್ದಾರೆ. ಮೌನದ ಜಾಗದಲ್ಲಿ ತಬಲದ ಹುಡುಗ ಇನ್ನೂ ಕೈ ತಡೆದುಕೊಳ್ಳಲಾರ.